ಉಮಿಕ್ಕಳ ಬೆಟ್ಟದಲ್ಲಿ ಉಳಿದ ಎರಡು ಕಾಲು

ಉಡುಪಿಯಿಂದ ಕಾರ್ಕಳಕ್ಕೆ ಹೊರಟ ಬಸ್ಸು ಬೈಲೂರಿಗೆ ಬಂತೆಂದರೆ ಕಣ್ಣು ತಾನಾಗಿಯೇ ಉಮಿಕ್ಕಳ ಬೆಟ್ಟದತ್ತ ಹೊರಳುತ್ತದೆ. ಕೊಡಲಿ ಬೀಸಿ ಕಡಲನ್ನು ಹಿಂದೆ ಸರಿಸಿದವನೆಂದು ತುಳುನಾಡು ನಂಬಿದ ಪರಶುರಾಮನ 33 ಅಡಿಯ ಪ್ರತಿಮೆ ಅಲ್ಲಿ 2023ರ ಜನವರಿ 27ರಂದು ಅನಾವರಣಗೊಂಡಿತು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬಂದಿದ್ದರು. ಪ್ರತಿಮೆ ಕಂಚಿನದೆಂದು ಹೇಳಲಾಗಿತ್ತು.

ಕೆಲವೇ ತಿಂಗಳಲ್ಲಿ ಸಂಶಯ ಎದ್ದಿತು. ಇದು ಕಂಚಲ್ಲ, ಫೈಬರ್ ಎಂಬ ದೂರು ಊರೆಲ್ಲ ಹರಡಿತು. ಅಕ್ಟೋಬರ್‌ನಲ್ಲಿ ಸೊಂಟದ ಮೇಲಿನ ಭಾಗವನ್ನು ಕಳಚಿ ಸಾಗಿಸಿದರು. ಕೊಡಲಿಯೂ ಇಲ್ಲ, ಮುಖವೂ ಇಲ್ಲ. ಪೀಠದ ಮೇಲೆ ಉಳಿದದ್ದು ಎರಡು ಕಾಲು. ಮರುವರ್ಷ ಪೊಲೀಸ್ ಪ್ರಕರಣ ದಾಖಲಾಯಿತು. ತನಿಖೆಯ ಬಳಿಕ ಪೊಲೀಸರು ಹೇಳಿದ್ದು ಹಿತ್ತಾಳೆ ಎಂದು. ಕಂಚಿಗೆ ತಾಮ್ರದ ಜೊತೆ ತವರ, ಹಿತ್ತಾಳೆಗೆ ಸತು. ಎರಡರ ಬೆಲೆಯೂ ಬೇರೆ. ತಪ್ಪು ಯಾರದೆಂದು ನ್ಯಾಯಾಲಯ ಹೇಳಲಿ. ನನ್ನನ್ನು ಕಾಡುವುದು ಆ ಕಳಚುವಿಕೆ.

ಪ್ರತಿಮೆ ನಿಲ್ಲಿಸುವುದರ ಬಗ್ಗೆ ಕಾನೂನು ಮಾತಾಡಿದೆ. ರಸ್ತೆ, ಕಾಲುದಾರಿಗಳಂಥ ಸಾರ್ವಜನಿಕ ಜಾಗಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಆದೇಶಿಸಿತು. ತೆಗೆಯುವುದರ ಬಗ್ಗೆ ನೆನಪಾಗುವುದು ದೆಹಲಿಯ ವಿಜ್ಞಾನ ಭವನ. ಅಲ್ಲಿ ಶಿಲ್ಪಿ ಅಮರನಾಥ ಸೆಹಗಲ್ ಮಾಡಿದ್ದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಸರ್ಕಾರ ಕಿತ್ತು ಉಗ್ರಾಣಕ್ಕೆ ಹಾಕಿತು. 2005ರಲ್ಲಿ ದೆಹಲಿ ಹೈಕೋರ್ಟ್, ಉಳಿದ ಚೂರುಗಳನ್ನು ಶಿಲ್ಪಿಗೆ ಮರಳಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ದುಡ್ಡು ಕೊಟ್ಟವರಿಗೂ ಕೃತಿಯನ್ನು ಹಾಳುಗೆಡವುವ ಹಕ್ಕಿಲ್ಲ ಎಂಬುದು ಅದರ ತಿರುಳು. ಶಿಲ್ಪಿಯ ಹಕ್ಕನ್ನು ಆ ತೀರ್ಪು ಕಾಯಿತು. ತೆರಿಗೆ ಕಟ್ಟಿದ ಊರಿನವರ ಹಕ್ಕನ್ನು ಕಾಯುವವರು ಯಾರು?

ಅದೇ ಕಾರ್ಕಳದ ಬಂಡೆಯ ಮೇಲೆ 42 ಅಡಿಯ ಗೊಮ್ಮಟ 1432ರಿಂದ ನಿಂತಿದ್ದಾನೆ. ಮಾಡಿಸಿದವನು ವೀರಪಾಂಡ್ಯ ಎಂಬುದನ್ನೂ ಪ್ರತಿಷ್ಠೆಯ ದಿನವನ್ನೂ ಅಲ್ಲಿನ ಶಾಸನವೇ ಹೇಳುತ್ತದೆ. ಆರು ಶತಮಾನದ ಹಿಂದೆ ಕಲ್ಲಿನಲ್ಲಿ ಕೊಟ್ಟ ಲೆಕ್ಕವನ್ನು ಇಂದು ಕಾಗದದಲ್ಲಾದರೂ ಕೊಡಬೇಡವೇ?

ಪರಶುರಾಮನನ್ನು ಮತ್ತೆ ನಿಲ್ಲಿಸುವುದಾದರೂ, ಉಳಿದ ಕಾಲುಗಳನ್ನು ಇಳಿಸುವುದಾದರೂ, ಜಿಲ್ಲಾಡಳಿತ ಮೊದಲು ಬೈಲೂರಿನ ಜನರನ್ನು ಕರೆದು ಕೇಳಲಿ. ಲೋಹ ಯಾವುದು, ತೂಕ ಎಷ್ಟು, ಖರ್ಚೆಷ್ಟು, ಕಳಚಲು ಆದೇಶ ಕೊಟ್ಟವರು ಯಾರು, ಇಷ್ಟನ್ನೂ ಕನ್ನಡದಲ್ಲಿ ಬರೆಸಿ ಆ ಪೀಠಕ್ಕೆ ಹಾಕಿಸಲಿ.