ಕೂಸಿಗೆ ‘ತಾತ್ಕಾಲಿಕ’ ಎಂಬುದಿಲ್ಲ

‘ನಾಲ್ಕೇ ತಿಂಗಳು ತಾನೇ? ಕಣ್ಣು ಮುಚ್ಚಿ ಬಿಡೋದ್ರೊಳಗೆ ಕಳೆದುಹೋಗುತ್ತೆ.’ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದಲೆಂದು ಎಂಟು ತಿಂಗಳ ಮಗಳನ್ನು ಎತ್ತಿಕೊಂಡು ಧಾರವಾಡಕ್ಕೆ ಹೊರಟಾಗ ಶೆಟ್ಟಿಕೆರೆಯಲ್ಲಿ ಕಂಡವರೆಲ್ಲ ಹೇಳಿದ್ದು ಇದನ್ನೇ. ನಮಗೆ ನಾಲ್ಕು ತಿಂಗಳೆಂದರೆ ಒಂದು ಕೋಚಿಂಗ್ ಬ್ಯಾಚ್. ಎಂಟು ತಿಂಗಳ ಕೂಸಿಗೆ ಅದು ಅಲ್ಲಿವರೆಗೆ ಬದುಕಿದ್ದರ ಅರ್ಧ! ಅಂಬೆಗಾಲಿಡುವುದು, ಗೋಡೆ ಹಿಡಿದು ನಿಲ್ಲುವುದು, ಮೊದಲ ಮಾತು ಎಲ್ಲವೂ ಆ ‘ತಾತ್ಕಾಲಿಕ’ ಊರಿನಲ್ಲೇ ಆಗಬೇಕು.

‘ಮಗೂನ ಅತ್ತೆ ಹತ್ರ ಬಿಟ್ಟು ಹೋಗು’ ಎಂದವರೂ ಇದ್ದರು. ಎದೆಹಾಲು ಕುಡಿಯುವ ಕೂಸನ್ನು ಬಿಟ್ಟು ಹೋಗುವುದು ಹೇಗೆ? ಆರು ತಿಂಗಳ ನಂತರ ಬೇರೆ ಆಹಾರದ ಜೊತೆಗೆ ಎರಡು ವರ್ಷದವರೆಗೂ ಎದೆಹಾಲು ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪರೀಕ್ಷೆಯನ್ನೇ ಮುಂದಕ್ಕೆ ಹಾಕೋಣವೆಂದರೆ, ನೇಮಕಾತಿ ಅಧಿಸೂಚನೆ ನಮ್ಮ ಹೆರಿಗೆ ನೋಡಿಕೊಂಡು ಬರುವುದಿಲ್ಲ. ಹೆರಿಗೆ ಸೌಲಭ್ಯದ ಕಾನೂನಿನ ವ್ಯಾಪ್ತಿಗೆ ಬರುವ ಉದ್ಯೋಗಿಗಳಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆಯಿದೆ. ಪಿಎಚ್‌.ಡಿ. ಮಾಡುವ ಹೆಣ್ಣುಮಕ್ಕಳಿಗೂ 240 ದಿನಗಳವರೆಗೆ ರಜೆಗೆ ಅವಕಾಶವಿದೆ. ಕೆಲಸ ಹುಡುಕುತ್ತಿರುವವಳಿಗೆ ರಜೆ ಕೊಡುವವರು ಯಾರು? ವಯೋಮಿತಿ ಮಾತ್ರ ಓಡುತ್ತಲೇ ಇರುತ್ತದೆ.

ಕೊಬ್ಬರಿ ಮಾರಿದ ದುಡ್ಡಿನಲ್ಲಿ ಕೋಚಿಂಗ್ ಶುಲ್ಕ ಕಟ್ಟಿ ತಿಪಟೂರಿನಲ್ಲಿ ರೈಲು ಹತ್ತಿದೆ. ಮೊದಲ ತಿಂಗಳಿಗೆ ಅತ್ತೆಯೂ ಜೊತೆಗೆ ಬಂದರು.

ಮಗು ಇದೆಯಾ? ರೂಮಿಲ್ಲ!

ಧಾರವಾಡದ ಸಪ್ತಾಪುರದಲ್ಲಿ ಎತ್ತ ನೋಡಿದರೂ ಕೋಚಿಂಗ್ ಸೆಂಟರ್, ಪಿ.ಜಿ. ಬೋರ್ಡುಗಳೇ. ಆದರೆ ಕಂಕುಳಲ್ಲಿ ಕೂಸು ಕಂಡ ಕೂಡಲೇ ಖಾಲಿ ರೂಮು ಭರ್ತಿಯಾಗಿಬಿಡುತ್ತಿತ್ತು. ‘ಕೂಸು ಅಳ್ತೈತ್ರಿ, ಓದೋ ಹುಡುಗ್ಯಾರಿಗೆ ತ್ರಾಸ ಆಗ್ತೈತಿ’ ಎಂಬುದು ಕಾರಣ. ಆರನೇ ಮನೆಯಲ್ಲಿ, ಸಾಧನಕೇರಿ ಕಡೆ, ಹಿತ್ತಲಿನ ಒಂದು ಕೋಣೆ ಸಿಕ್ಕಿತು. ಮಗುವಿನೊಂದಿಗೆ ಹೋಗುವವರು ಊರಿನಿಂದಲೇ ಫೋನ್ ಮಾಡಿ, ಮಗು ಇರುವುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಲ್ಲಿ ನೀರು ಯಾವ ದಿನ ಬರುತ್ತದೆ, ಬಟ್ಟೆ ಒಣಗಿಸಲು ಜಾಗವಿದೆಯೇ, ಹತ್ತಿರದಲ್ಲಿ ಮಕ್ಕಳ ವೈದ್ಯರಿದ್ದಾರೆಯೇ ಎಂದು ಕೇಳಿ. ಬಾಡಿಗೆಯ ಮಾತು ಆಮೇಲೆ.

ಬಟ್ಟೆಯೇನು ಸಣ್ಣ ವಿಷಯವಲ್ಲ. ನಮ್ಮ ಕಡೆ ಎರಡು ತೆಂಗಿನ ಮರಕ್ಕೆ ಹಗ್ಗ ಕಟ್ಟಿ ಹರವಿದರೆ ಮಧ್ಯಾಹ್ನಕ್ಕೆ ಗರಿಗರಿ. ಧಾರವಾಡದ ಮಳೆಗಾಲದ ಜಿಟಿಜಿಟಿಯಲ್ಲಿ ಎರಡು ದಿನವಾದರೂ ಲಂಗೋಟಿ ಒಣಗುತ್ತಿರಲಿಲ್ಲ. ಡೈಪರ್‌ಗೆ ಹೋದ ಹಣದಲ್ಲಿ ಎರಡು ಪುಸ್ತಕ ಕೊಳ್ಳಬಹುದಿತ್ತು. ಎರಡನೇ ವಾರ ಮಗಳಿಗೆ ನೆಗಡಿ, ಜ್ವರ. ರಾತ್ರಿಯೆಲ್ಲ ಹೆಗಲ ಮೇಲೆ. ನಾಲ್ಕು ದಿನ ಕ್ಲಾಸು ತಪ್ಪಿತು. ‘ಬಂದ್ಬಿಡು, ಮುಂದಿನ ಸಲ ನೋಡೋಣ’ ಎಂದರು ಪತಿ. ಮುಂದಿನ ಸಲ ಯಾವಾಗ ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಉಳಿದೆ.

ಅಂಗನವಾಡಿ ಕೊಟ್ಟ ನಂಟು

ಜ್ವರ ಇಳಿದ ಮರುದಿನ ಓಣಿಯ ಅಂಗನವಾಡಿಗೆ ಹೋದೆ. ಬೇರೆ ಜಿಲ್ಲೆಯವರನ್ನು ಸೇರಿಸಿಕೊಳ್ಳುತ್ತಾರೋ ಇಲ್ಲವೋ ಎಂಬ ಅಳುಕಿತ್ತು. ಆದರೆ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಮನೆಗೆ ಒಯ್ಯಲು ಕೊಡುವ ಪೌಷ್ಟಿಕ ಆಹಾರಕ್ಕೆ ಊರಿನ ಹಂಗಿಲ್ಲ. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಗುವಿನ ಹೆಸರನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸಬಹುದು. ಒಂಬತ್ತು ತಿಂಗಳು ತುಂಬಿದಾಗ ಹಾಕಿಸುವ ದಡಾರ-ರುಬೆಲ್ಲಾ ಲಸಿಕೆ, ವಿಟಮಿನ್ ‘ಎ’ ದ್ರಾವಣ ಯಾವ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಾದರೂ ಉಚಿತ. ತಾಯಿ ಕಾರ್ಡ್ ಮರೆಯದೆ ಒಯ್ಯಬೇಕು ಅಷ್ಟೇ. ಮಗಳ ತೂಕ ನೋಡಿದ ಕಾರ್ಯಕರ್ತೆ, ‘ಕೂಸು ಚಲೋ ಐತ್ರಿ, ನೀವೇ ಸೊರಗೀರಿ’ ಎಂದರು. ಹೊಸ ಊರಿನಲ್ಲಿ ನನ್ನನ್ನೂ ಒಬ್ಬರು ನೋಡಿದರು ಎನಿಸಿದ ಮೊದಲ ದಿನ ಅದು.

ಅತ್ತೆ ಊರಿಗೆ ಮರಳಿದ ಮೇಲೆ ಕ್ಲಾಸಿನ ಹೊತ್ತು ಮಗಳನ್ನು ನೋಡಿಕೊಂಡ ಅಜ್ಜಿ ಸಿಕ್ಕಿದ್ದೂ ಅದೇ ಅಂಗನವಾಡಿಯಿಂದ. ತಿಂಗಳಿಗೆ ಇಷ್ಟೆಂದು ಮೊದಲೇ ಮಾತಾಡಿಕೊಂಡೆವು. ಬಾಂಧವ್ಯ ಆಮೇಲೆ ತಾನಾಗಿ ಬೆಳೆಯಿತು. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಸರಿ ಹಿಟ್ಟನ್ನು ಅತ್ತೆ ತಿಂಗಳಿಗೊಮ್ಮೆ ತಂದುಕೊಡುತ್ತಿದ್ದರು. 2023ರ ಜೂನ್‌ನಲ್ಲಿ ಶುರುವಾದ ‘ಶಕ್ತಿ’ ಯೋಜನೆಯಿಂದ ಬಸ್ ಚಾರ್ಜಿನ ಚಿಂತೆ ಇರಲಿಲ್ಲ. ನಡುವೆ ಹಿಟ್ಟು ಮುಗಿದಾಗ ಮಗಳು ಅಜ್ಜಿ ಕೊಟ್ಟ ಜೋಳದ ಅಂಬಲಿಗೂ ಬಾಯಿ ತೆರೆದಳು. ‘ಅಮ್ಮ’ ಎನ್ನುವ ಮೊದಲೇ ‘ಅವ್ವ’ ಎಂದಳು!

ಓದಿನ ವೇಳಾಪಟ್ಟಿ ಬರೆದವಳೂ ಅವಳೇ. ಬೆಳಗಿನ ನಾಲ್ಕೂವರೆಯಿಂದ ಅವಳು ಏಳುವವರೆಗೆ ಗಣಿತ, ಏಕೆಂದರೆ ಅದಕ್ಕೆ ಎರಡೂ ಕೈ ಬೇಕು. ನೋಟ್ಸನ್ನು ನನ್ನದೇ ದನಿಯಲ್ಲಿ ಮೊಬೈಲಿಗೆ ಓದಿಟ್ಟುಕೊಂಡೆ. ಅವಳನ್ನು ಹೆಗಲಿಗೆ ಹಾಕಿ ತಟ್ಟುವಾಗ ಇತಿಹಾಸ ಕಿವಿಯಲ್ಲಿ ನಡೆಯುತ್ತಿತ್ತು. ದಿನಕ್ಕೆ ಹತ್ತು ತಾಸು ಓದುವ ಹುಡುಗಿಯರ ನಡುವೆ ನನಗೆ ಸಿಕ್ಕಿದ್ದು ನಾಲ್ಕು, ಅದೂ ಚೂರುಚೂರಾಗಿ. ಆ ಚೂರುಗಳಲ್ಲೇ ಪಠ್ಯಕ್ರಮ ಮುಗಿಯಿತು.

ಪರೀಕ್ಷೆ ಬರೆದಿದ್ದೇನೆ, ಫಲಿತಾಂಶ ಬರಬೇಕಿದೆ. ನನ್ನಂತೆ ಹೊರಡುವವರಿಗೆ ಹೇಳುವುದಿಷ್ಟೇ: ನಾಲ್ಕು ತಿಂಗಳಿಗೆ ಹೋದರೂ ನೆಲೆಸಲು ಹೋದವರಂತೆ ಹೋಗಿ. ಮೊದಲ ವಾರವೇ ಅಂಗನವಾಡಿ, ಆಸ್ಪತ್ರೆ, ಅಕ್ಕಪಕ್ಕದವರ ಪರಿಚಯ ಮಾಡಿಕೊಳ್ಳಿ. ಇನ್ನು ಪಿ.ಜಿ.ಗಳಲ್ಲಿ ಓದುತ್ತಿರುವ ಗೆಳತಿಯರೇ, ಪಕ್ಕದ ಕೋಣೆಗೆ ಕೂಸಿನೊಂದಿಗೆ ಒಬ್ಬಳು ಬಂದರೆ ಬೇಸರಿಸಬೇಡಿ. ಅವಳೂ ನಿಮ್ಮ ಹಾಗೆ ಓದಲೆಂದೇ ಬಂದವಳು.