ಚರ್ಮ ಶುಚಿಕಾರಕಗಳಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್: ಸುರಕ್ಷತೆ, ಪರಿಣಾಮ ಮತ್ತು ತಯಾರಿಕಾ ಪರವಾನಗಿ

(ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಗ್ರಾಹಕರು ಹಾಗೂ ಅರ್ಜಿದಾರರ ಮಾಹಿತಿಗಾಗಿ)

ಹಿನ್ನೆಲೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಎಣ್ಣೆ ಗಿರಣಿಗಳಿಗೂ, ಮೊಳಕಾಲ್ಮೂರು ರೇಷ್ಮೆ ಸೀರೆಗಳಿಗೂ ಹೆಸರಾಗಿವೆ. ಮಳೆ ಕಡಿಮೆಯಿರುವ ಈ ಭಾಗದಲ್ಲಿ ಕೊಳವೆಬಾವಿಯ ನೀರಿನ ಬಳಕೆ ಹೆಚ್ಚು. ನೀರು ಗಡಸಾಗಿದ್ದಲ್ಲಿ ಅದರ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಸೇರಿ ಜಿಡ್ಡಾಗುತ್ತವೆ, ನೊರೆ ಏಳುವುದಿಲ್ಲ. ಸೋಡಿಯಂ ಲಾರಿಲ್ ಸಲ್ಫೇಟ್ ಇಂತಹ ನೀರಿನಲ್ಲಿಯೂ ನೊರೆ ಕೊಡುವುದರಿಂದ ಶಾಂಪೂ ಮತ್ತು ಮುಖ ತೊಳೆಯುವ ದ್ರವಗಳಲ್ಲಿ ಬಳಕೆಯಲ್ಲಿದೆ.

ಕಾರ್ಯವಿಧಾನ

ಈ ವಸ್ತುವಿನ ಕಣದ ಒಂದು ತುದಿ ನೀರನ್ನೂ ಇನ್ನೊಂದು ತುದಿ ಎಣ್ಣೆಯನ್ನೂ ಹಿಡಿಯುತ್ತದೆ. ಹೀಗೆ ಜಿಡ್ಡು ನೀರಿನೊಡನೆ ಹರಿದುಹೋಗುತ್ತದೆ. ಸೀಗೆಕಾಯಿ ಮತ್ತು ಅಂಟುವಾಳದಲ್ಲಿರುವ ಸಪೋನಿನ್ ಸಹ ಇದೇ ರೀತಿ ಕೆಲಸ ಮಾಡುತ್ತದೆ.

ಸುರಕ್ಷತೆ

ಕೊಳೆಯೊಡನೆ ಚರ್ಮದ ಸಹಜ ಜಿಡ್ಡನ್ನೂ ತೆಗೆಯುವುದೇ ಇದರ ದೋಷ. ಪ್ರಮಾಣ ಹಾಗೂ ಸಂಪರ್ಕದ ಅವಧಿ ಹೆಚ್ಚಿದಂತೆ ಒಣಗುವಿಕೆ, ಉರಿ ಮತ್ತು ಕೆಂಪಾಗುವಿಕೆ ಉಂಟಾಗಬಹುದು. ಅಮೆರಿಕದ ಸೌಂದರ್ಯವರ್ಧಕ ಘಟಕಾಂಶ ಪರಿಶೀಲನಾ ತಜ್ಞರ ಸಮಿತಿಯು 1983ರಲ್ಲಿ, ಅಲ್ಪಕಾಲ ಬಳಸಿ ಪೂರ್ಣವಾಗಿ ತೊಳೆದುಬಿಡುವ ಉತ್ಪನ್ನಗಳಲ್ಲಿ ಇದು ಸುರಕ್ಷಿತವೆಂದೂ, ಚರ್ಮದ ಮೇಲೆ ಉಳಿಯುವ ಉತ್ಪನ್ನಗಳಲ್ಲಿ ಶೇ. 1ನ್ನು ಮೀರಬಾರದೆಂದೂ ತಿಳಿಸಿತು. ಇದರಿಂದ ಕ್ಯಾನ್ಸರ್ ಬರುತ್ತದೆ ಎಂಬ ಪ್ರಚಾರಕ್ಕೆ ವೈಜ್ಞಾನಿಕ ಆಧಾರವಿಲ್ಲ.

ಗ್ರಾಹಕರಿಗೆ ಸೂಚನೆಗಳು

1. ಬಳಸಿದ ಕೂಡಲೇ ಸಾಕಷ್ಟು ನೀರಿನಿಂದ ತೊಳೆಯತಕ್ಕದ್ದು. ಕಣ್ಣಿಗೆ ತಾಗದಂತೆ ಎಚ್ಚರ ವಹಿಸತಕ್ಕದ್ದು.
2. ರೇಷ್ಮೆ ನೂಲಿನ ಅಂಟು ತೆಗೆಯಲು ಸಾಬೂನು ಮತ್ತು ಸೋಡಾ ಬೆರೆಸಿದ ನೀರಿನಲ್ಲಿ ಕೈಯಾಡಿಸುವವರ ಚರ್ಮ ಮೊದಲೇ ಒಣಗಿರುತ್ತದೆ. ಅವರು ಕೆಲಸದ ವೇಳೆ ಕೈಗವಸು ಧರಿಸುವುದು, ನಂತರ ಸೌಮ್ಯ ಶುಚಿಕಾರಕ ಬಳಸಿ ಕೊಬ್ಬರಿ ಎಣ್ಣೆ ಹಚ್ಚುವುದು ಒಳಿತು.
3. ಇಸುಬು ಇರುವವರು ಹಾಗೂ ಹಸುಗೂಸುಗಳಿಗೆ ಈ ವಸ್ತುವಿಲ್ಲದ ಉತ್ಪನ್ನ ಸೂಕ್ತ.
4. ಉರಿ, ಬಿರುಕು ಅಥವಾ ಗುಳ್ಳೆ ಕಂಡಲ್ಲಿ ಬಳಕೆ ನಿಲ್ಲಿಸಿ, ಪೊಟ್ಟಣದೊಂದಿಗೆ ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸುವುದು.

ತಯಾರಿಕಾ ಪರವಾನಗಿ

ಔಷಧ ಮತ್ತು ಸೌಂದರ್ಯವರ್ಧಕ ಅಧಿನಿಯಮ, 1940ಕ್ಕೆ 1982ರಲ್ಲಿ ತಂದ ತಿದ್ದುಪಡಿಯಿಂದ ಸಾಬೂನು ಸಹ ಸೌಂದರ್ಯವರ್ಧಕಗಳ ವ್ಯಾಪ್ತಿಗೆ ಸೇರಿದೆ. ಆದ್ದರಿಂದ ಮನೆಯಲ್ಲಿ ಅಥವಾ ಸ್ವಸಹಾಯ ಗುಂಪಿನಲ್ಲಿ ಸಾಬೂನು, ಶಾಂಪೂ ತಯಾರಿಸಿ ಮಾರುವವರಿಗೂ ಪರವಾನಗಿ ಕಡ್ಡಾಯ. ಪರವಾನಗಿಯಿಲ್ಲದ ತಯಾರಿಕೆ ಶಿಕ್ಷಾರ್ಹ.

1. ಸೌಂದರ್ಯವರ್ಧಕ ನಿಯಮಗಳು, 2020ರ ಅನ್ವಯ ನಮೂನೆ ಸಿಓಎಸ್-5ರಲ್ಲಿ ರಾಜ್ಯ ಪರವಾನಗಿ ಪ್ರಾಧಿಕಾರಕ್ಕೆ ನಿಗದಿತ ಶುಲ್ಕದೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು. ಪರವಾನಗಿಯನ್ನು ನಮೂನೆ ಸಿಓಎಸ್-8ರಲ್ಲಿ ನೀಡಲಾಗುತ್ತದೆ.
2. ಸೂಕ್ತ ಕಟ್ಟಡ, ಸಲಕರಣೆ, ಅರ್ಹ ತಾಂತ್ರಿಕ ಸಿಬ್ಬಂದಿ ಮತ್ತು ಪರೀಕ್ಷಾ ವ್ಯವಸ್ಥೆ ಇರತಕ್ಕದ್ದು.
3. ಘಟಕಾಂಶಗಳು ಭಾರತೀಯ ಮಾನಕ ಬ್ಯೂರೋದ ಐ.ಎಸ್. 4707ಕ್ಕೆ ಅನುಗುಣವಾಗಿರತಕ್ಕದ್ದು.
4. ಲೇಬಲ್‌ನಲ್ಲಿ ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬಳಕೆಯ ಅಂತಿಮ ಅವಧಿ ಮತ್ತು ಘಟಕಾಂಶಗಳನ್ನು ನಮೂದಿಸತಕ್ಕದ್ದು.

ಸೀಗೆ, ಅಂಟುವಾಳ ಮುಂತಾದ ನೈಸರ್ಗಿಕ ವಸ್ತುಗಳಿಂದ ತಯಾರಿಸಿದ ಸೌಂದರ್ಯವರ್ಧಕಗಳಿಗೂ ಪರವಾನಗಿಯಿಂದ ವಿನಾಯಿತಿ ಇರುವುದಿಲ್ಲ. ಅಪೂರ್ಣ ಅರ್ಜಿಯಿಂದ ವಿಳಂಬವಾಗುವುದರಿಂದ, ದಾಖಲೆಗಳನ್ನು ಪರಿಶೀಲಿಸಿಕೊಂಡು ಅರ್ಜಿ ಸಲ್ಲಿಸಲು ಕೋರಲಾಗಿದೆ.