ನಾಯಿಮರಿ ತಂದ ಮೇಲಿನ ಆರು ತಿಂಗಳು

ಹಸು ಕೊಳ್ಳಲು ಹೊರಟ ರೈತ ಜೊತೆಗೆ ನಾಲ್ಕು ಜನರನ್ನು ಕರೆದುಕೊಂಡು ಹೋಗುತ್ತಾನೆ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಕೆಚ್ಚಲು ಮುಟ್ಟಿ ನೋಡುತ್ತಾನೆ. ನಾಯಿಮರಿ ಮಾತ್ರ ಯಾವ ಪರೀಕ್ಷೆಯೂ ಇಲ್ಲದೆ, ಶಾಲೆಯಿಂದ ಬರುವ ಹುಡುಗನ ಅಂಗಿಯೊಳಗೆ ಅಡಗಿ ಮನೆ ಸೇರುತ್ತದೆ. ತಾಯಿ ಬೇಡವೆನ್ನುತ್ತಾಳೆ, ಅಜ್ಜಿ ಒಂದು ಬಟ್ಟಲು ಹಾಲು ಇಡುತ್ತಾಳೆ. ಅಲ್ಲಿಗೆ ವ್ಯವಹಾರ ಮುಗಿಯಿತು.

ಹಾಗೆ ಬಂದ ಮರಿ ಹತ್ತು ಹನ್ನೆರಡು ವರ್ಷ ನಮ್ಮೊಡನೆ ಇರುವ ಪ್ರಾಣಿ. ಮೆಕ್ಕೆಜೋಳದ ಹೊಲಕ್ಕೆ ಹಂದಿ ನುಗ್ಗಿದರೆ, ಕಣದ ರಾಶಿಯ ಹತ್ತಿರ ಅಪರಿಚಿತರು ಸುಳಿದರೆ, ಕೋಳಿಗೂಡಿಗೆ ಮುಂಗುಸಿ ಹೊಂಚಿದರೆ ಮೊದಲು ಎಚ್ಚರಿಸುವುದು ಅದೇ. ಸರಿಯಾಗಿ ಬೆಳೆಯದಿದ್ದರೆ ಅದೇ ನಾಯಿ ಪಕ್ಕದ ಮನೆಯ ಕೋಳಿ ಹಿಡಿಯುತ್ತದೆ, ದಾರಿಹೋಕರನ್ನು ಕಚ್ಚುತ್ತದೆ, ಮನೆಯ ಮಕ್ಕಳಿಗೆ ರೋಗ ತರುತ್ತದೆ. ಈ ಎರಡರಲ್ಲಿ ಯಾವುದು ಆಗಬೇಕೆಂಬುದು ಬಹುಮಟ್ಟಿಗೆ ಮೊದಲ ಆರು ತಿಂಗಳಲ್ಲೇ ತೀರ್ಮಾನವಾಗುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಎಂತಹ ಮರಿ, ಯಾವ ವಯಸ್ಸಿನಲ್ಲಿ?

ಮರಿ ಕಣ್ಣು ಬಿಡುವುದು ಹುಟ್ಟಿದ 10ರಿಂದ 14 ದಿನಗಳಲ್ಲಿ. ಹಾಲುಹಲ್ಲು ಮೂಡುವುದು ಮೂರನೆಯ ವಾರದ ನಂತರ. ಮುದ್ದಾಗಿದೆಯೆಂದು ನಾಲ್ಕು ವಾರಕ್ಕೇ ತಾಯಿಯಿಂದ ಬಿಡಿಸಿ ತರುವುದುಂಟು. ಇದು ತಪ್ಪು. ಎಷ್ಟು ಗಟ್ಟಿಯಾಗಿ ಕಚ್ಚಿದರೆ ಇನ್ನೊಬ್ಬರಿಗೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ತನ್ನ ಒಡಹುಟ್ಟಿದವುಗಳ ಜೊತೆ ಆಡುವಾಗ. ಆದುದರಿಂದ ಎಂಟು ವಾರ ತುಂಬಿದ ಮೇಲೆ ತರುವುದು ಉತ್ತಮ. ಕಣ್ಣು ಮೂಗು ಶುಭ್ರವಾಗಿದ್ದು, ಹಿಂಭಾಗ ಕೊಳೆಯಾಗಿರದೆ, ಕರೆದರೆ ಎದ್ದು ಬರುವ ಮರಿಯನ್ನು ಆರಿಸಬೇಕು. ಮೈ ಸೊರಗಿ ಹೊಟ್ಟೆ ಮಾತ್ರ ಡೊಳ್ಳಾಗಿದ್ದರೆ ಅದು ಪುಷ್ಟಿಯಲ್ಲ, ಜಂತುಹುಳುವಿನ ಲಕ್ಷಣ.

ತೋಟದ ಕಾವಲಿಗೆ ನಮ್ಮ ನಾಡನಾಯಿಯೇ ಸಾಕು. ನಮ್ಮ ಬಿಸಿಲಿಗೂ ಊಟಕ್ಕೂ ಅದು ಒಗ್ಗಿಕೊಂಡಿದೆ. ಇತ್ತೀಚೆಗೆ ಹಲವರು ಮುಧೋಳ ನಾಯಿಯನ್ನು ಕೇಳುತ್ತಾರೆ. ಬಾಗಲಕೋಟೆ ಜಿಲ್ಲೆಯ ಈ ತಳಿ ನಮ್ಮ ಹೆಮ್ಮೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಆದರೆ ಇದು ಬೇಟೆಗೆಂದು ಬೆಳೆದು ಬಂದ ತಳಿ. ದಿನವೂ ಓಡಲು ಬಯಲು ಬೇಕು. ಸರಪಳಿಯಲ್ಲಿ ಕಟ್ಟಿಹಾಕುವವರು ಇದನ್ನು ತರದಿರುವುದೇ ಲೇಸು. ಇಂಥ ನಾಯಿ ಬಿಟ್ಟು ಮೊಲ ಹಿಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ ಎಂಬುದನ್ನೂ ಮರೆಯಬಾರದು.

ಮೊದಲ ವಾರದ ಅಳು

ಮೊದಲ ಎರಡು ಮೂರು ರಾತ್ರಿ ಮರಿ ಅಳುತ್ತದೆ. ಹಗಲೆಲ್ಲ ದುಡಿದು ಬಂದವರಿಗೆ ನಿದ್ದೆ ಕೆಡುತ್ತದೆ, ಸಿಟ್ಟು ಬರುತ್ತದೆ. ಅದು ಹಠವಲ್ಲ. ತಾಯಿಯ ಮೈಬಿಸಿ ತಪ್ಪಿದ ಸಂಕಟ. ಒಂದು ಬುಟ್ಟಿಗೆ ಹಳೆಯ ಗೋಣಿ ಅಥವಾ ಕಂಬಳಿ ಹಾಸಿ, ಜನ ಮಲಗುವ ಜಾಗದ ಹತ್ತಿರವೇ ಇಡಬೇಕು. ನಾಲ್ಕೈದು ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ. ದೂರದ ಕೊಟ್ಟಿಗೆಯಲ್ಲಿ ಒಂಟಿಯಾಗಿ ಕಟ್ಟಿದರೆ ಅಳು ಹೆಚ್ಚುತ್ತದೆ. ಚಿರತೆ ಓಡಾಡುವ ಸೀಮೆಯಲ್ಲಿ ಆ ಅಳು ಚಿರತೆಯನ್ನು ಕೂಗಿ ಕರೆದಂತೆ. ಅಂಥ ಕಡೆ ದೊಡ್ಡ ನಾಯಿಯನ್ನೂ ರಾತ್ರಿ ಬಾಗಿಲು ಭದ್ರವಿರುವ ಜಾಗದಲ್ಲೇ ಇರಿಸಬೇಕು.

ಮನೆಯೊಳಗೆ ಗಲೀಜು ಮಾಡುವುದು ಎರಡನೆಯ ತೊಂದರೆ. ಮರಿ ನಿದ್ದೆಯಿಂದ ಎದ್ದ ಕೂಡಲೇ ಮತ್ತು ಉಂಡ ಸ್ವಲ್ಪ ಹೊತ್ತಿಗೆ ಜಾಗ ಹುಡುಕುತ್ತದೆ. ಆ ಎರಡು ಸಮಯ ತಪ್ಪದೆ ಹೊರಗೆ ಒಂದೇ ಜಾಗಕ್ಕೆ ಕರೆದೊಯ್ದು, ಕೆಲಸ ಮುಗಿದ ಮೇಲೆ ಬೆನ್ನು ಸವರಿದರೆ ಕೆಲವೇ ವಾರಗಳಲ್ಲಿ ಪಾಠ ಮುಗಿಯುತ್ತದೆ. ಮೂಗನ್ನು ಗಲೀಜಿಗೆ ಉಜ್ಜುವುದರಿಂದ ಮರಿ ಕಲಿಯುವುದು ಒಂದೇ: ನಮ್ಮನ್ನು ಕಂಡರೆ ಹೆದರುವುದು.

ಊಟೋಪಚಾರ

ಬೆಳೆಯುವ ಮರಿಗೆ, ಅದರ ತೂಕಕ್ಕೆ ಹೋಲಿಸಿದರೆ, ದೊಡ್ಡ ನಾಯಿಯ ಸುಮಾರು ಎರಡರಷ್ಟು ಆಹಾರ ಬೇಕು. ಎರಡು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಸಲ, ನಾಲ್ಕು ತಿಂಗಳಿಗೆ ಮೂರು ಸಲ, ಆರು ತಿಂಗಳ ನಂತರ ಎರಡು ಸಲ ಕೊಡಬೇಕು. ಬರೀ ಹಸುವಿನ ಹಾಲು ಕುಡಿಸಿದರೆ ಅನೇಕ ಮರಿಗಳಿಗೆ ಭೇದಿಯಾಗುತ್ತದೆ. ಬರೀ ಮುದ್ದೆ, ಬರೀ ಅನ್ನ ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಕಾಲು ಬಿಲ್ಲಿನಂತೆ ಬಾಗಿದ ಮರಿಗಳನ್ನು ನೀವೆಲ್ಲ ಕಂಡಿರುತ್ತೀರಿ.

ಮೆತ್ತಗಿನ ರಾಗಿ ಮುದ್ದೆ ಅಥವಾ ಅನ್ನಕ್ಕೆ ಚೆನ್ನಾಗಿ ಬೆಂದ ಬೇಳೆ, ಮಜ್ಜಿಗೆ, ಬೇಯಿಸಿದ ಮೊಟ್ಟೆ ಕಲಸಿ ಕೊಡಬಹುದು. ಮಾಂಸ ತಿನ್ನುವ ಮನೆಯಾದರೆ ಖಾರ ಹಾಕುವ ಮೊದಲೇ ಒಂದಿಷ್ಟು ಬೇಯಿಸಿ ತೆಗೆದಿಡಬೇಕು. ಈರುಳ್ಳಿ ನಾಯಿಯ ರಕ್ತವನ್ನು ಕೆಡಿಸುತ್ತದೆ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಬೇಯಿಸಿದ ಕೋಳಿಮೂಳೆ ಸೂಜಿಯಂತೆ ಸೀಳಿ ಗಂಟಲಲ್ಲಿ ಅಥವಾ ಕರುಳಲ್ಲಿ ನಾಟುತ್ತದೆ. ಶುದ್ಧ ನೀರು ಸದಾ ಹತ್ತಿರವಿರಲಿ.

ಜಂತುಹುಳು: ಮರಿಯ ಹೊಟ್ಟೆಯಿಂದ ಮಗುವಿನ ಕಣ್ಣಿಗೆ

ದುಂಡುಹುಳು ಮರಿಗೆ ತಾಯಿಯ ಗರ್ಭದಲ್ಲೇ ಅಂಟಿಕೊಳ್ಳುತ್ತದೆ. ಆದುದರಿಂದ 'ನಮ್ಮ ಮರಿ ಹೊರಗೆ ಹೋಗಿಯೇ ಇಲ್ಲ' ಎಂಬ ಮಾತಿಗೆ ಅರ್ಥವಿಲ್ಲ. ಎರಡು ವಾರದ ಮರಿಯಿಂದಲೇ ಔಷಧಿ ಆರಂಭಿಸಿ, ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಕೊಡಬೇಕು. ಪ್ರಮಾಣವನ್ನು ಮರಿಯ ತೂಕ ನೋಡಿ ಪಶುವೈದ್ಯರು ಹೇಳುತ್ತಾರೆ. ಈ ಹುಳುವಿನ ಮೊಟ್ಟೆ ಅಂಗಳದ ಮಣ್ಣು ಸೇರಿ, ಮಣ್ಣಾಡುವ ಮಕ್ಕಳ ಕೈಯಿಂದ ಬಾಯಿಗೆ ಹೋದರೆ ಮರಿಹುಳುಗಳು ಯಕೃತ್ತಿಗೂ ಕೆಲವೊಮ್ಮೆ ಕಣ್ಣಿಗೂ ಹರಿದುಹೋಗುತ್ತವೆ.

ಕುರಿ ಸಾಕುವವರು ಇನ್ನೊಂದು ಮಾತು ತಿಳಿದಿರಬೇಕು. ಕುರಿಯ ತಲೆಯಲ್ಲಿ ನೀರುಗುಳ್ಳೆಯಾಗಿ, ಅದು ಒಂದೇ ಕಡೆ ಸುತ್ತು ಹೊಡೆದು ಸಾಯುವ ರೋಗಕ್ಕೆ ನಾಯಿಯ ಲಾಡಿಹುಳುವೇ ಕಾರಣ. ಹಾಗೆ ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆಯುತ್ತೇವೆ. ಗುಳ್ಳೆ ನಾಯಿಯ ಹೊಟ್ಟೆಯಲ್ಲಿ ಹುಳುವಾಗುತ್ತದೆ. ಹುಳುವಿನ ಮೊಟ್ಟೆ ಹುಲ್ಲಿಗೆ ಬಿದ್ದು ಮತ್ತೆ ಕುರಿಗೆ ಹೋಗುತ್ತದೆ. ಯಕೃತ್ತು ಮತ್ತು ಶ್ವಾಸಕೋಶದ ಗುಳ್ಳೆಗಳಿಂದಲೂ ಇಂತಹದೇ ಸುತ್ತು ನಡೆಯುತ್ತದೆ. ಅದು ಮನುಷ್ಯರಿಗೆ ಬಂದರೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ಸತ್ತ ಕುರಿಯ ತಲೆ, ಗುಳ್ಳೆಯಿರುವ ಅಂಗಗಳನ್ನು ಹಸಿಯಾಗಿ ನಾಯಿಗೆ ಹಾಕದೆ ಆಳವಾಗಿ ಹೂಳಿದರೆ ಸರಪಳಿ ಅಲ್ಲಿಗೇ ತುಂಡಾಗುತ್ತದೆ.

ಪಾರ್ವೋ ಕಾಯಿಲೆ

ಎರಡರಿಂದ ಆರು ತಿಂಗಳ ನಡುವೆ ಚೆನ್ನಾಗಿ ಆಡಿಕೊಂಡಿದ್ದ ಮರಿ ಊಟ ಬಿಟ್ಟು, ವಾಂತಿ ಮಾಡಿ, ನಾರುವ ರಕ್ತಭೇದಿಯಿಂದ ಎರಡು ಮೂರು ದಿನಗಳಲ್ಲಿ ಸಾಯುವುದುಂಟು. ಯಾರದೋ ದೃಷ್ಟಿ ತಾಗಿತೆಂದು ಹೇಳುತ್ತಾರೆ. ತಾಗಿದ್ದು ಪಾರ್ವೋ ಎಂಬ ವೈರಾಣು. ಜಗತ್ತಿನಲ್ಲಿ ಇದು ರೋಗವಾಗಿ ಹರಡಿದ್ದು 1978ರಿಂದ ಈಚೆಗೆ. ಮನುಷ್ಯರಿಗೆ ಇದು ಅಂಟುವುದಿಲ್ಲ.

ಲಸಿಕೆಯನ್ನು ಆರರಿಂದ ಎಂಟು ವಾರಕ್ಕೆ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ 16 ವಾರದವರೆಗೆ ಹಾಕಿಸಬೇಕು. 'ಒಂದು ಸಲ ಹಾಕಿಸಿದೆವಲ್ಲ' ಎಂದು ಕೆಲವರು ಕೇಳುತ್ತಾರೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವವರೆಗೆ ಅದು ಲಸಿಕೆಯನ್ನೇ ತಡೆಯುತ್ತದೆ. ಆ ರಕ್ಷಣೆ ಯಾವ ವಾರ ಇಳಿಯುತ್ತದೆಂಬುದು ಮರಿಯಿಂದ ಮರಿಗೆ ಬೇರೆ. ಆದ್ದರಿಂದಲೇ ಮತ್ತೆ ಮತ್ತೆ ಹಾಕಬೇಕು. ಡಿಸ್ಟೆಂಪರ್ ರೋಗಕ್ಕೂ ಇದೇ ಚುಚ್ಚುಮದ್ದಿನಲ್ಲಿ ರಕ್ಷಣೆ ಸಿಗುತ್ತದೆ. ಪಾರ್ವೋದಿಂದ ಮರಿ ಸತ್ತ ಜಾಗದಲ್ಲಿ ವೈರಾಣು ಒಂದು ವರ್ಷದವರೆಗೂ ಬದುಕಬಲ್ಲದು. ಮಾಮೂಲಿ ಫಿನಾಯಿಲಿಗೆ ಅದು ಸಾಯುವುದಿಲ್ಲ, ಬ್ಲೀಚಿಂಗ್ ಪುಡಿಯ ನೀರು ಬೇಕು.

ಹುಚ್ಚುನಾಯಿ ರೋಗ: ಸಣ್ಣ ಮರಿಯೆಂಬ ಸಸಾರ ಬೇಡ

ಹುಚ್ಚುನಾಯಿ ಎಂದರೆ ಜೊಲ್ಲು ಸುರಿಸುತ್ತ ಬೀದಿಯಲ್ಲಿ ಓಡುವ ದೊಡ್ಡ ನಾಯಿ ಎಂದೇ ನಮ್ಮ ಕಲ್ಪನೆ. ಎರಡು ಮೂರು ತಿಂಗಳ ಮರಿಗೂ ಈ ರೋಗ ಬರುತ್ತದೆ. ಮಕ್ಕಳು ಎತ್ತಿಕೊಂಡು ಮುದ್ದಾಡುವುದು ಮರಿಯನ್ನೇ, ಹಲ್ಲು ತಾಗಿಸಿಕೊಳ್ಳುವುದೂ ಅದರಿಂದಲೇ.

ನಮ್ಮ ವಲಯದ ಒಂದು ಹಳ್ಳಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಬಸ್ ನಿಲ್ದಾಣದಲ್ಲಿ ಸಿಕ್ಕ ಮರಿಯನ್ನು ಒಂದು ಮನೆಯವರು ತಂದರು. ಮೂರು ವಾರ ಚೆನ್ನಾಗಿತ್ತು. ಆಮೇಲೆ ಊಟ ಬಿಟ್ಟಿತು, ದನಿ ಒಡೆಯಿತು, ಕಂಡ ಕೋಲನ್ನೆಲ್ಲ ಕಚ್ಚಿತು, ನಾಲ್ಕು ದಿನಕ್ಕೆ ಸತ್ತಿತು. ಪಶುವೈದ್ಯರಿಗೆ ಸಂಶಯ ಬಂದು ಪರೀಕ್ಷೆಗೆ ಕಳುಹಿಸಿದಾಗ ಹುಚ್ಚು ಖಚಿತವಾಯಿತು. ಮನೆಯ ಆರು ಜನರೂ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಂಡರು. ಪಕ್ಕದ ಮನೆಯ ಹುಡುಗಿ ಮಾತ್ರ ಬಾಯಿ ಬಿಟ್ಟಿರಲಿಲ್ಲ. ಮರಿ ಕಚ್ಚಿತೆಂದರೆ ಅದನ್ನು ಹೊರಗೆ ಹಾಕುತ್ತಾರೆಂದು ಮೊದಲು ಸುಮ್ಮನಿದ್ದಳು, ಆಮೇಲೆ ಸೂಜಿಗೆ ಹೆದರಿ ಸುಮ್ಮನಿದ್ದಳು. ಸ್ನಾನ ಮಾಡಿಸುವಾಗ ಅಜ್ಜಿಗೆ ಅವಳ ಮೀನಖಂಡದ ಮೇಲೆ ಎರಡು ಸಣ್ಣ ಗುರುತು ಕಂಡವು. ಅಂದೇ ಆಸ್ಪತ್ರೆಗೆ ಕರೆದೊಯ್ದರು. ಹುಡುಗಿ ಉಳಿದಳು, ಈಗ ಪ್ರೌಢಶಾಲೆಗೆ ಹೋಗುತ್ತಿದ್ದಾಳೆ. ಅಜ್ಜಿಯ ಕಣ್ಣು ಮಂದವಾಗಿದ್ದರೆ ಏನಾಗುತ್ತಿತ್ತೆಂದು ಆ ಊರಿನವರು ಇಂದಿಗೂ ಮಾತನಾಡಿಕೊಳ್ಳುತ್ತಾರೆ.

ಈ ವೈರಾಣು ಗಾಯದಿಂದ ನರಗಳ ಮೂಲಕ ಮೆದುಳಿಗೆ ಏರುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ಬೇಗ, ಕೆಲವೊಮ್ಮೆ ವರ್ಷದ ಮೇಲೆ. ಲಕ್ಷಣ ಕಾಣಿಸಿದ ಮೇಲೆ ಉಳಿಸುವ ಔಷಧಿ ಇಲ್ಲ. ಕಾಣಿಸುವ ಮೊದಲು ಚುಚ್ಚುಮದ್ದು ಇದೆ. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಅವರು ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಲಸಿಕೆ ಕೊಡಿಸಿದಂದಿನಿಂದ ಈ ದಾರಿ ತೆರೆದಿದೆ.

ಕಚ್ಚಿದರೆ, ಪರಚಿ ರಕ್ತ ಬಂದರೆ, ಗಾಯದ ಮೇಲೆ ನೆಕ್ಕಿದರೆ ಹೀಗೆ ಮಾಡಿರಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ, ಎಣ್ಣೆ ಹಚ್ಚಬೇಡಿ. ಅಂದೇ ಸರಕಾರಿ ಆಸ್ಪತ್ರೆಗೆ ಹೋಗಿರಿ. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆ ಗಾಯದ ಸುತ್ತ ಹಾಕುವ ಸೀರಂ ಕೂಡ ಬೇಕಾಗುತ್ತದೆ. ಹತ್ತು ದಿನ ಮರಿಯನ್ನು ನೋಡಿ ಆಮೇಲೆ ಹೋಗೋಣವೆನ್ನುವುದು ಅಪಾಯ. ಚುಚ್ಚುಮದ್ದು ಆರಂಭಿಸಿಯೇ ಮರಿಯನ್ನು ಗಮನಿಸಬೇಕು.

ಹೊಟ್ಟೆಗೆ 14 ಸೂಜಿ ಎಂಬ ಹೆದರಿಕೆ ಹಿರಿಯರಲ್ಲಿ ಇನ್ನೂ ಇದೆ. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತುಹೋಯಿತು. ಈಗಿನದು ತೋಳಿಗೆ. ಚರ್ಮದೊಳಗೆ ಹಾಕುವ ಕ್ರಮದಲ್ಲಿ ಮೊದಲ ದಿನ, ಆಮೇಲೆ ಲೆಕ್ಕದಂತೆ 3, 7 ಮತ್ತು 28ನೆಯ ದಿನ, ಒಟ್ಟು ನಾಲ್ಕು ಸಲ ಹೋದರೆ ಮುಗಿಯಿತು. ಇದನ್ನು ಮಕ್ಕಳಿಗೆ ತಿಳಿಸಿರಿ. ಕಚ್ಚಿದ್ದನ್ನು ಹೇಳಿದರೆ ಬೈಯುವುದಿಲ್ಲವೆಂದು ಭರವಸೆ ಕೊಡಿರಿ.

ಮರಿಗೆ ಮೂರು ತಿಂಗಳು ತುಂಬಿದಾಗ ಹುಚ್ಚುರೋಗದ ಲಸಿಕೆ ಹಾಕಿಸಿ, ವೈದ್ಯರು ಹೇಳಿದಂತೆ ಮತ್ತೊಂದು ಹಾಕಿಸಿ, ಮುಂದೆ ಪ್ರತಿವರ್ಷ ತಪ್ಪದೆ ಹಾಕಿಸಬೇಕು.

ಕೀಟನಾಶಕ ನಾಯಿಯ ಮದ್ದಲ್ಲ

ಉಣ್ಣೆ ಹತ್ತಿತೆಂದು ಹತ್ತಿಗೋ ಕಡಲೆಗೋ ತಂದ ಪುಡಿಯನ್ನು ಮರಿಯ ಮೈಗೆ ಉದುರಿಸುವ ಅಭ್ಯಾಸ ಬಿಎಚ್‌ಸಿ ಪುಡಿಯ ಕಾಲದಿಂದ ಬಂದದ್ದು. ಆ ಪುಡಿ 1997ರಲ್ಲಿ ನಿಷೇಧವಾಯಿತು, ಅಭ್ಯಾಸ ಹೋಗಿಲ್ಲ. ನಾಯಿ ತನ್ನ ಮೈಯನ್ನು ತಾನೇ ನೆಕ್ಕುತ್ತದೆ. ಮೈಗೆ ಹಾಕಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ದನಕ್ಕೆ ತಂದ ಚುಚ್ಚುಮದ್ದನ್ನು ಅಂದಾಜಿನಲ್ಲಿ ಮರಿಗೆ ಹಾಕುವುದೂ ಅಷ್ಟೇ ಅಪಾಯ. ಉಣ್ಣೆಯನ್ನು ಬೆರಳಲ್ಲಿ ಹಿಸುಕದೆ, ಚಿಮಟಿಗೆಯಿಂದ ಕಿತ್ತು ಸೋಪಿನ ನೀರಿಗೆ ಹಾಕಿರಿ. ಹೆಚ್ಚಾಗಿದ್ದರೆ ಪಶುಚಿಕಿತ್ಸಾಲಯಕ್ಕೆ ಒಯ್ಯಿರಿ. ಇಲಿಗೆ ಜಿಂಕ್ ಫಾಸ್ಫೈಡ್ ಇಟ್ಟ ದಿನಗಳಲ್ಲಿ ಮರಿಯನ್ನು ಕಟ್ಟಿಹಾಕಿ, ಸತ್ತ ಇಲಿಗಳನ್ನು ಹುಡುಕಿ ಹೂಳಬೇಕು.

ಕಲಿಕೆಯ ಕಾಲ

ಮೂರನೆಯ ವಾರದಿಂದ ಹದಿನಾಲ್ಕನೆಯ ವಾರದವರೆಗೆ ಮರಿ ಕಂಡದ್ದನ್ನೆಲ್ಲ ತನ್ನ ಮನೆಯದೆಂದು ಒಪ್ಪಿಕೊಳ್ಳುತ್ತದೆ. ಹಸು, ಕುರಿ, ಕೋಳಿ, ಪಂಪ್‌ಸೆಟ್ಟಿನ ಸದ್ದು, ಟ್ರ್ಯಾಕ್ಟರ್, ಅಂಚೆಯವನು ಎಲ್ಲವನ್ನೂ ಈ ಕಾಲದಲ್ಲೇ ನಿಧಾನವಾಗಿ ಪರಿಚಯಿಸಬೇಕು. ಲಸಿಕೆ ಪೂರ್ತಿಯಾಗುವವರೆಗೆ ಬೀದಿನಾಯಿಗಳ ಜೊತೆ ಮಾತ್ರ ಬಿಡಬಾರದು. ಕೋಳಿಯ ಹಿಂದೆ ಮೊದಲ ಸಲ ಓಡಿದಾಗ ಮನೆಯವರು ನಕ್ಕರೆ, ಎರಡನೆಯ ಸಲ ಅದು ಕೋಳಿ ಹಿಡಿದು ತರುತ್ತದೆ. ಮೊದಲ ಸಲವೇ ಗದರಿ, ಹಗ್ಗ ಹಿಡಿದು ನಿಲ್ಲಿಸಬೇಕು.

ನಾಲ್ಕನೆಯ ತಿಂಗಳಿಂದ ಹಾಲುಹಲ್ಲು ಉದುರಿ 42 ಗಟ್ಟಿಹಲ್ಲು ಬರತೊಡಗುತ್ತವೆ. ವಸಡು ಕಡಿಯುವುದರಿಂದ ಚಪ್ಪಲಿ, ಹನಿ ನೀರಾವರಿಯ ಕೊಳವೆ, ಮಿಣಿ ಎಲ್ಲವನ್ನೂ ಜಗಿಯುತ್ತದೆ. ಮನೆಯವರ ತಾಳ್ಮೆ ಸೋಲುವುದು ಇಲ್ಲೇ. ಗಂಟು ಹಾಕಿದ ದಪ್ಪ ಹಗ್ಗ ಕೊಟ್ಟು, ಚಪ್ಪಲಿಯನ್ನು ಮೇಲೆತ್ತಿಡಿ. ಎರಡು ಮೂರು ತಿಂಗಳಲ್ಲಿ ಈ ಕಾಟ ಇಳಿಯುತ್ತದೆ. ಹೊಡೆದು, ದಿನವಿಡೀ ಸರಪಳಿಯಲ್ಲಿ ಕಟ್ಟಿದ ನಾಯಿ ಒಳ್ಳೆಯ ಕಾವಲುಗಾರನಾಗುವುದಿಲ್ಲ. ಬಿಚ್ಚಿದ ಕೂಡಲೇ ಯಾರನ್ನಾದರೂ ಕಚ್ಚುವ ನಾಯಿಯಾಗುತ್ತದೆ.

ಆರನೆಯ ತಿಂಗಳ ತೀರ್ಮಾನ

ಹೆಣ್ಣುಮರಿಯೆಂದು ಬೇಡವೆನ್ನುವವರು ಬಹಳ. ಕಾವಲಿಗೆ ಹೆಣ್ಣು ಏನೂ ಕಡಿಮೆಯಲ್ಲ. ಆರು ತಿಂಗಳ ನಂತರ ಬೆದೆಗೆ ಬರುತ್ತದೆ, ಗರ್ಭ ಕಟ್ಟಿದರೆ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಆ ಮರಿಗಳನ್ನು ಚೀಲದಲ್ಲಿ ತುಂಬಿ ಸಂತೆಯ ಬಯಲಿಗೆ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಬಿಟ್ಟ ಮರಿಗಳೇ ನಾಳೆಯ ಬೀದಿನಾಯಿಗಳಾಗಿ ನಮ್ಮ ಕುರಿಹಟ್ಟಿಗೆ ಬರುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಪಶುವೈದ್ಯರನ್ನು ಮುಂಚಿತವಾಗಿಯೇ ವಿಚಾರಿಸಿರಿ.

ಗೋಡೆಯ ಪಂಚಾಂಗದಲ್ಲಿ ಬಿತ್ತನೆಯ ದಿನ, ಹಸು ಗಬ್ಬವಾದ ದಿನ ಬರೆಯುವ ರೈತ ಬಾಂಧವರು ಮರಿ ತಂದ ದಿನವನ್ನೂ ಬರೆದಿಡಲಿ. ಅದರ ಕೆಳಗೆ ಜಂತು ಔಷಧಿ ಮತ್ತು ಲಸಿಕೆಯ ತಾರೀಖುಗಳಿರಲಿ. ಓದು ಬಲ್ಲ ಮಗನಿಗೋ ಮಗಳಿಗೋ ಈ ಲೆಕ್ಕ ಒಪ್ಪಿಸಿರಿ. ಮರಿಯನ್ನು ಅಂಗಿಯೊಳಗೆ ಅಡಗಿಸಿ ತಂದವರು ಅವರೇ ಅಲ್ಲವೇ?